ಯಾವ ಬರಿ

ಬೋಟುಗಳೆಲ್ಲ ದಕ್ಕೆಯಲ್ಲಿ ಒಂದಕ್ಕೊಂದು ಒರಗಿ ನಿಂತಿವೆ.
ಇನ್ನು ನಲವತ್ತು ದಿನ ಮಲ್ಪೆಯಲ್ಲಿ ಐಸ್ ಕೇಳುವವರಿಲ್ಲ.
ಕಂಪ್ರೆಸರಿನ ಸದ್ದು ನಿಂತ ಮೇಲೆಯೇ ಗೊತ್ತಾದದ್ದು,
ಹನ್ನೊಂದು ವರ್ಷದಿಂದ ನಾನು
ಕಿರುಚಿಯೇ ಮಾತಾಡುತ್ತಿದ್ದೆ ಎಂದು.

ಆಫೀಸಿನ ಕಂಪ್ಯೂಟರ್ ಬಿಚ್ಚಲು ಇದೇ ಸಮಯ ಅಂದ ನೌಫಲ್.
ಮೂವತ್ತೆರಡು ಬಿಟ್ಟಿನ ಹಳೇ ಪೆಟ್ಟಿಗೆ,
ಮಿಂಟ್ ಇನ್ನು ಇದನ್ನು ನೋಡಿಕೊಳ್ಳುವುದಿಲ್ಲವಂತೆ.
ಹೊಸದರ ಮಾತೆತ್ತಿದರೆ ಧಣಿಗಳು ಬೂತಾಯಿ ಬರಲಿ ಅನ್ನುತ್ತಾರೆ,
ಬೂತಾಯಿ ಬಂದಾಗ ಬಂಗುಡೆ ಬರಲಿ ಅನ್ನುತ್ತಾರೆ.
"ಡೆಬಿಯನ್ ಹಾಕುವ ಅಕ್ಕ. ಅದು ಇದರ ಅಜ್ಜಿ."

ಹೆದರಬೇಡಿ, ಹೋಮ್ ಬೇರೆಯೇ ಇದೆ ಅಂದ,
ಡಿಸ್ಕಿನ ಆಚೆ ತುದಿಯಲ್ಲಿ.
ಅದರೊಳಗೆ ಬೋಟುಗಳ ಹೆಸರು, ಬ್ಲಾಕಿನ ಲೆಕ್ಕ, ಬಾಕಿ,
ತೀರಿಕೊಂಡ ತಾಂಡೇಲ ಗಿರಿಯ ಕೋಟ್ಯಾನ್
ಕೊಡಬೇಕಾದ ನಾಲ್ಕು ಸಾವಿರದ ಇನ್ನೂರು.
ಅಳಿಸಲು ಕೈ ಬಂದಿಲ್ಲ.
ಅಡಿಹಲಗೆ ಬದಲಿಸುವಾಗ
ಕ್ಯಾಬಿನ್ನಿನ ದೇವರ ಪಟ ಯಾರೂ ತೆಗೆಯುವುದಿಲ್ಲವಲ್ಲ,
ಹಾಗೆ ಅಂತ ಧೈರ್ಯ ಮಾಡಿದೆ.

ಶೇಕಡಾ ಅರವತ್ತೆರಡಕ್ಕೆ ಪಟ್ಟಿ ನಿಂತಿತು.
ಹೊರಗೆ ಗಾಳಿ. ಮೆಸ್ಕಾಂ.
ಇಬ್ಬರೂ ಟ್ಯೂಬ್‌ಲೈಟನ್ನೇ ನೋಡಿದೆವು.
ಅದು ಮಿನುಗಿತು, ಯೋಚಿಸಿತು, ಉಳಿಯಿತು.

ಕೊನೆಗೆ ಹೊಸ ಪರದೆ ಹೆಸರು ಕೇಳಿತು. ವಾರಿಜ.
ಪಾಸ್‌ವರ್ಡ್ ಕೇಳಿತು. ಕೊಟ್ಟೆ.
ಒಳಗೆ ಬಿಟ್ಟ ಹಾಗೆ ಮಾಡಿ
ಮತ್ತೆ ಬಾಗಿಲಿಗೇ ತಂದು ನಿಲ್ಲಿಸಿತು.
ಮತ್ತೆ ಕೊಟ್ಟೆ. ಮತ್ತೆ ಬಾಗಿಲು.

ನೌಫಲ್ ನಾಲಿಗೆ ಕಚ್ಚಿಕೊಂಡ.
ಪರೀಕ್ಷೆಗೆಂದು ಮೊದಲು ತನ್ನ ಖಾತೆ ತೆರೆದಿದ್ದನಂತೆ:
ಸಾವಿರ ಅವನಾದ, ನಾನು ಸಾವಿರದೊಂದು.
"ಹೆಸರು ನಮಗೆ ಮಾತ್ರ ಅಕ್ಕ. ಅದು ನೋಡುವುದು ನಂಬರು."
ಹನ್ನೊಂದು ವರ್ಷದ ಐಸು, ಸತ್ತವನ ಸಾಲ,
ಎಲ್ಲಕ್ಕೂ ಈಗ ಯಜಮಾನ ಅವನು.

ನಮ್ಮಲ್ಲೂ ಹಾಗೇ ಅಲ್ಲವೇ.
ಹೆಸರು ಹೇಳಿದರೆ ಮುದುಕಿಯರು ಹೂಂ ಅಂದು
ಕಾಯುತ್ತಾರೆ: ಬರಿ ಯಾವುದು?
ನನಗೆ ಅಮ್ಮನಿಂದ ಬಂದದ್ದು, ಅವಳಿಗೆ ಅವಳಮ್ಮನಿಂದ.
ಅದನ್ನು ಹೇಳಿದ ಮೇಲೆಯೇ ಚಾಪೆ ಬಿಡಿಸುವುದು.
ಅಲ್ಲಿಯವರೆಗೆ ವಾರಿಜ ಎಂಬುದು
ಬರೀ ಹೆಸರು.

ಅವನು ಕಪ್ಪು ಕಿಟಕಿ ತೆರೆದು ಒಂದೇ ಸಾಲು ಬರೆದ,
ಯಜಮಾನನನ್ನು ಬದಲಿಸುವ ಆಜ್ಞೆ,
ಒಳಗಿನ ಒಳಗಿನ ಒಳಗಿನವರೆಗೂ.
ಅಮ್ಮನ ಕಡೆಯ ಆರು ಸೆಂಟ್ಸ್ ಜಾಗದ ಕೇಸು
ಉಡುಪಿ ಕೋರ್ಟಿನಲ್ಲಿ ಹತ್ತೊಂಬತ್ತು ವರ್ಷದಿಂದ ಇದೆ.
ಇಲ್ಲಿ ಛಾಪಾ ಕಾಗದವಿಲ್ಲ, ಸಾಕ್ಷಿಯಿಲ್ಲ.
ಎಂಟರ್ ಒತ್ತಿ ಚಹಾ ಕುಡಿದ.

ಆರೂಕಾಲಿನ ಬಸ್ಸಿಗೆ ಅವನು ಓಡಿದ ಮೇಲೆ
ಲೆಕ್ಕದ ಪುಸ್ತಕ ತೆರೆದೆ.
ಎಲ್ಲರೂ ಅವರವರ ಸಾಲಿನಲ್ಲೇ ಇದ್ದರು, ಗಿರಿಯಣ್ಣನೂ.
ಹೊಸ ಸಾಲಿನಲ್ಲಿ ಮಲ್ಪೆ ಅಂತ ಒತ್ತಿದೆ.
ಪರದೆಯ ಮೇಲೆ ಮೂಡಿದ್ದು: ಸತಿಜಾ.

ಕೀಲಿಮಣೆಯ ಜೋಡಣೆ ಬೇರೆ ಇರಬೇಕು.
ಬೆರಳು ತಪ್ಪಲಿಲ್ಲ, ಹಳೇ ದಾರಿಯಲ್ಲೇ ನಡೆದು
ಯಾರದೋ ಮನೆ ಮುಟ್ಟಿದೆ.

ನಾಳೆ ಫೋನು ಮಾಡಿ ಸರಿಮಾಡಿಸಬೇಕು.
ಈ ಸಂಜೆ ಅವಳನ್ನು ಅಳಿಸಲಿಲ್ಲ.
ಎಲ್ಲಿಂದ ಬಂದವಳೋ, ಬರಿ ಕೇಳಲಿಲ್ಲ.
ಹೆಸರಿನ ಎದುರು ಬರೆದೆ:
ಬ್ಲಾಕು ಒಂದು. ಬಾಕಿ ಇಲ್ಲ.