ಗಸಗಸೆ

ಕೆರೆ ಅನ್ನುತ್ತೇವೆ, ಹೆಸರಿಗೆ.
ಅಲ್ ಐನ್ ಊರೆಲ್ಲ ಮಿಂದು, ತೊಳೆದು, ಬಸಿದು ಬಿಟ್ಟ ನೀರು
ಸೋಸಿಕೊಂಡು ಬಂದು, ಮರಳ ದಿಬ್ಬಗಳ ನಡುವೆ
ಹೋಗಲು ಜಾಗವಿಲ್ಲದೆ ನಿಂತದ್ದು.
ಅದರ ಪಂಪು ನೋಡಿಕೊಳ್ಳುವವನು ನಾನು.

ಪೈಪಿನ ಬಾಯಿಯ ಜಾಲರಿಗೆ
ಹಸಿರು, ಮೆತ್ತನೆಯ ಒಂದು ಅಂಟು ಹಬ್ಬುತ್ತಿತ್ತು.
ಪಾಚಿ ಎಂದೇ ಕೆರೆದು ಎಸೆಯುತ್ತಿದ್ದೆ.
ಸಂಜೆಗೆ ಮೊಣಕೈವರೆಗೆ ತುರಿಕೆ.
ಸುಣ್ಣ ಹಚ್ಚು ಅಂದ ಇದಿನಬ್ಬ.
ಹಚ್ಚಿದೆ; ಇನ್ನೂ ಉರಿಯಿತು.

ನೀರು ಪರೀಕ್ಷೆಗೆ ಬಂದ ಸಿಹಾಮ್ ಡಾಕ್ಟರು, ಸುಡಾನಿನವರು,
ನನ್ನ ಕೈ ನೋಡಿ ನಕ್ಕರು:
ಗಾಜು ಅದು. ಕಣ್ಣಿಗೆ ಕಾಣದ ಗಾಜಿನ ಸೂಜಿ.
ಪಾಚಿಯಲ್ಲ, ಪ್ರಾಣಿ. ಸ್ಪಂಜು.
ಕಣ್ಣಿಲ್ಲ, ಹೊಟ್ಟೆಯಿಲ್ಲ, ಮೈಯೆಲ್ಲ ತೂತು;
ನೀರೆಳೆದು ನೀರು ಬಿಡುವುದೇ ಬದುಕು.
ಹಾಗಾದರೆ ಅದೂ ಪಂಪೇ, ಅಂದೆ,
ನನ್ನ ಮುರುಕು ಅರಬಿಯಲ್ಲಿ.

ಆಮೇಲೆ ಮೇಲಿನವರು ನೀರನ್ನು ಬೇರೆ ಕಡೆ ತಿರುಗಿಸಿದರು,
ಹೊಸ ರಸ್ತೆಯ ಖರ್ಜೂರಕ್ಕೋ, ಯಾರ ಹುಲ್ಲುಹಾಸಿಗೋ.
ದಿನಕ್ಕೊಂದು ಬೆರಳು ಕೆರೆ ಹಿಂದೆ ಸರಿಯಿತು.
ಜುಲೈಯಲ್ಲಿ ಗೇಣು.
ಅಂಚಿಗೆ ಉಪ್ಪು ಕಟ್ಟಿತು, ಉಕ್ಕಿ ಒಣಗಿದ ಗಂಜಿಯ ಹಾಗೆ.
ಬಕಗಳು ಎರಡು ದಿನ ಹಬ್ಬ ಮಾಡಿ ಎದ್ದು ಹೋದವು.
ಜಾಲರಿಯ ಹಸಿರು ಕಂದಾಗಿ, ಕೊಳೆತು, ಉದುರಿತು.
ಪಂಪಿಗೆ ಗ್ರೀಸು ಬಳಿದು ಟಾರ್ಪಾಲು ಹೊದೆಸಿದೆ.

ಸತ್ತಿತು, ಅಂದೆ.
ಅವರು ಒಣಗಿದ ಜೊಂಡಿನ ಕಡ್ಡಿಯೊಂದನ್ನು ಮುರಿದು
ಬುಡವನ್ನು ಬಿಸಿಲಿಗೆ ಹಿಡಿದರು.
ಒತ್ತೊತ್ತಾಗಿ ಕಂದು ಕಾಳು.
ಬಾಯಿಂದ ತಟ್ಟನೆ ಬಂತು: ಗಸಗಸೆ!
ಇದಿನಬ್ಬ ಹೌಹಾರಿ ಸುತ್ತ ನೋಡಿದ.

ಆ ಹೆಸರನ್ನು ಇಲ್ಲಿ ಗಟ್ಟಿಯಾಗಿ ಹೇಳುವಂತಿಲ್ಲ.
ಅವನ ಭಾವ, ಮಗುವಿನ ನಲವತ್ತರ ಪಾಯಸಕ್ಕೆಂದು
ಊರಿಂದ ತಾಯಿ ಕಟ್ಟಿಕೊಟ್ಟ ಕಾಲು ಕಿಲೋ ಪೊಟ್ಟಣದೊಂದಿಗೆ
ವಿಮಾನ ಇಳಿದಿದ್ದ. ಬಿಚ್ಚಿ ನೋಡಿದರು.
ನಲವತ್ತು ಮುಗಿಯಿತು;
ಅವನಿನ್ನೂ ಒಳಗಿದ್ದ.

ಇದು ಅದಲ್ಲ, ಅಂದರು ಡಾಕ್ಟರು.
ನೀರು ಕೆಡುವ ಸುಳಿವು ಸಿಕ್ಕರೆ
ಸ್ಪಂಜು ತನ್ನನ್ನೇ ಗಂಟು ಕಟ್ಟುತ್ತದೆ.
ಚಿಟಿಕೆ ಜೀವ, ಸುತ್ತ ಸಿಪ್ಪೆ, ಸಿಪ್ಪೆಗೆ ಗಾಜಿನ ಮುಳ್ಳು,
ಒಂದೇ ಒಂದು ಬಾಗಿಲು, ಒಳಗಿಂದ ಚಿಲಕ.
ಮೈ ಹೋದರೆ ಹೋಗಲಿ.
ಎಷ್ಟು ದಿನ ಹೀಗೆ? ಇದಿನಬ್ಬ ಕೇಳಿದ,
ವೀಸಾದ ಅವಧಿ ಕೇಳುವ ದನಿಯಲ್ಲಿ.
ನೀರು ಬರುವ ತನಕ, ಅಂದರು. ಸುಮ್ಮನಾದರು.
ಆಮೇಲೆ, ಯಾರೂ ಕೇಳದೆಯೇ:
ನನ್ನ ಮನೆ ಖಾರ್ತೂಮಿನಲ್ಲಿ. ಬೀಗದ ಕೈ ಇಲ್ಲೇ ಇದೆ.
ಬ್ಯಾಗು ತಟ್ಟಿ ತೋರಿಸಿ ಕಾರು ಹತ್ತಿದರು.

ಕಡ್ಡಿಯ ಒಂದು ತುಂಡು ನನ್ನ ಜೇಬಿನಲ್ಲುಳಿಯಿತು.
ಕ್ಯಾಂಪಿನ ಕೋಣೆಯಲ್ಲಿ, ಹಳೆಯ ಉಪ್ಪಿನಕಾಯಿ ಬಾಟಲಿ ತೊಳೆದು,
ಏಸಿ ತೊಟ್ಟಿಕ್ಕುವ ನೀರು ಹಿಡಿದು, ಅದರಲ್ಲಿ ಬಿಟ್ಟೆ.
ಮಂಚದ ಕೆಳಗೆ, ಚಪ್ಪಲಿಗಳ ಹಿಂದೆ.
ವಾರ ಕಳೆಯಿತು. ಏನಿಲ್ಲ.
ಎಸೆಯೋ ಮಾರಾಯಾ, ವಾಸನೆ, ಅಂದ ಇದಿನಬ್ಬ.

ಇವತ್ತು ಎಸೆಯಲೆಂದೇ ಎತ್ತಿದೆ.
ಗಾಜಿನ ಒಳಮೈಗೆ, ಸಾಸಿವೆಯಷ್ಟು, ಬಿಳಿಯದೊಂದು ಕಲೆ.
ಹನ್ನೊಂದು ವರ್ಷದ ಚಾಳಿ,
ಕೆರೆಯಲು ಉಗುರು ತಾನಾಗಿ ಮುಂದೆ ಹೋಯಿತು.

ತಡೆದೆ.
ಅಂಗೈ ತುರಿಸತೊಡಗಿತು, ಮುಟ್ಟದೆಯೇ.