ನೂರ ಇಪ್ಪತ್ತೇಳನೇ ಪುಟ

ಟೌನ್‌ಹಾಲ್ ಸರ್ಕಲ್ಲಿನಿಂದ ಒಳಕ್ಕೆ ಮೂರನೇ ಮಳಿಗೆ,
ಮೇಲೆ ಹಲ್ಲಿನ ಡಾಕ್ಟರು, ಕೆಳಗೆ ನಾನು.
ತುಮಕೂರಿನಲ್ಲಿ ಯಾರಿಗೇ ಡಾಕ್ಟರೇಟು ಬರಲಿ,
ಬರುವ ಮೊದಲು ಒಂದು ರಾತ್ರಿ
ಅವರ ಐದಾರು ವರ್ಷ
ಈ ಹಲಗೆಯಡಿ ಒತ್ತಿಸಿಕೊಂಡು ಮಲಗಬೇಕು.

ಅಂಟು ಮೈದಾದ್ದು. ಚಿಟಿಕೆ ಮೈಲುತುತ್ತ ಬೀಳದಿದ್ದರೆ
ಜಿರಲೆಯೇ ಮೊದಲ ಓದುಗ.
ಗೈಡುಗಳಿಗಿಂತ ಶ್ರದ್ಧೆಯಿಂದ ಓದುತ್ತೆ,
ಮಾತು ನನ್ನದಲ್ಲ, ಅಪ್ಪನದು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಗಣಿತ ಬಿಟ್ಟು.
ಆದರೂ ಬೆನ್ನಿಗೆ ಚಿನ್ನದಕ್ಷರ ಒತ್ತುತ್ತ ಒತ್ತುತ್ತ
ಹುಣಸೆ ಬೀಜ ಕೊರೆಯುವ ಹುಳದ ಆಯಸ್ಸು ಗೊತ್ತು,
ಸೋಬಾನೆಯವರು ಉಸಿರು ಎಲ್ಲಿ ಕದಿಯುತ್ತಾರೆ ಗೊತ್ತು,
ಮಧುಗಿರಿ ಬಂಡೆಯ ವಯಸ್ಸು ಕೇಳಿದರೆ
ಸೊನ್ನೆ ಎಣಿಸಿ ಹೇಳಬಲ್ಲೆ.
ಇಲ್ಲದ ಸಂಖ್ಯೆಗಳ ಮೇಲೆ ಒಬ್ಬ ಇನ್ನೂರು ಪುಟ ಬರೆದ.
ಅದರಲ್ಲಿ ಕನ್ನಡ ಇದ್ದದ್ದು ಒಂದೇ ಕಡೆ,
ಅಮ್ಮನಿಗೆ ಅರ್ಪಣೆ.

ವಿಜ್ಞಾನಕ್ಕೆ ನೀಲಿ ರೆಕ್ಸಿನ್, ಕಲೆಗೆ ಮೆರೂನು.
ಯಾರು ಮಾಡಿದ ಕಟ್ಟಳೆಯೋ.
ಒಳಗಿನ ದಾರ ಒಂದೇ ಎನ್ನುವ ವೇದಾಂತ ನನಗೆ ಬೇಡ,
ಅಂಗಡಿಯಲ್ಲಿ ಬಿಳಿ ಸಿಗುತ್ತೆ, ಅದಕ್ಕೆ ಬಿಳಿ.

ಹೋದ ಆಷಾಢ. ಕರೆಂಟಿಲ್ಲದ ಸಂಜೆ. ಮೇಜಿನ ಮೇಲೆ ಎರಡು ಕಟ್ಟು.
ಪಾವಗಡದ ಓಬಳಾಪತಿ, ರಸಾಯನಶಾಸ್ತ್ರ:
ಇನ್ನೂರ ಹನ್ನೆರಡು ಕಡೆಯ ನೀರು, ಅದರಲ್ಲಿ ಫ್ಲೋರೈಡು.
ಸಿರಾದ ಮುದ್ದವೀರಮ್ಮ, ಜಾನಪದ:
ಹೆಂಗಸರು ಹೆಂಗಸರಿಗೇ ಹಾಡಿಕೊಳ್ಳುವ ಪದ.
ಗಾಳಿ ನುಗ್ಗಿತು. ಹಾಳೆ ಹಾರಿತು.
ಮೇಣದಬತ್ತಿಯಲ್ಲಿ ನಂಬರು ನೋಡಿ ಜೋಡಿಸಿದೆ.
ನಂಬರು ಸುಳ್ಳಾಡಲಿಲ್ಲ,
ನೂರ ಇಪ್ಪತ್ತೇಳು ಇಬ್ಬರಲ್ಲೂ ಇತ್ತು.

ಹೊಲಿದ ಮೇಲೆ ಕಂಡೆ.
ನೀಲಿಯೊಳಗೆ, ಕೋಷ್ಟಕಗಳ ನಡುವೆ, ಒಬ್ಬ ಮುದುಕಿ:
      ಹಾಲುಬಾವಿ ನೀರು ಕುಡಿದ ಹೆಣ್ಣು ನಾನು
      ಸಂತೇಲಿ ನಗಿಸಬ್ಯಾಡ ಬಾವ,
      ಸೆರಗು ಚಿಕ್ಕದು.
ಮೆರೂನಿನೊಳಗೆ, ಪದಗಳ ನಡುವೆ, ಒಂದು ಸಾಲು:
      ಹಾಲುಬಾವಿಹಟ್ಟಿ. ಮಾದರಿ ತೊಂಬತ್ತೇಳು.
      ನಾಲ್ಕು ಪಾಯಿಂಟ್ ಆರು.

ಮೇಲೆ ಡ್ರಿಲ್ಲು ನಿಂತಿತ್ತು.
ಯಾರೋ ಕತ್ತಲಲ್ಲಿ ಬಾಯಿ ತೆರೆದುಕೊಂಡೇ ಕಾಯುತ್ತಿದ್ದರು.

ಹೊಲಿಗೆ ಬಿಚ್ಚಿದೆ. ಬಿಚ್ಚಲೇಬೇಕಲ್ಲ, ಇನ್ನೊಬ್ಬರ ಪದವಿ.
ಪುಟ ಪುಟದ ಮನೆ ಸೇರಿತು.
ಆದರೆ ಇಬ್ಬರನ್ನೂ ಹನ್ನೊಂದಕ್ಕೇ ಬರಹೇಳಿ
ಅಂಟು ಒಣಗಿಲ್ಲವೆಂದು ಸುಳ್ಳಾಡಿ ಸ್ಟೂಲಿನ ಮೇಲೆ ಕೂರಿಸಿ
ಅವನ ಮುಂದೆ ಅವಳದು, ಅವಳ ಮುಂದೆ ಅವನದು.

ಎರಡು ಸಲ ಓದಿದ.
'ಆ ಹಟ್ಟಿಯಲ್ಲಿ ಬಾಟಲಿಗೆ ನೀರು ಸುರಿದುಕೊಟ್ಟದ್ದು ಒಬ್ಬ ಅಜ್ಜಿ.
ಬಾಯಿಗೆ ಸೆರಗಿಟ್ಟುಕೊಂಡೇ ಮಾತಾಡಿದಳು.
ನಾಚಿಕೆ ಅಂದುಕೊಂಡೆ' ಎಂದ.
ಅವಳು ಕೋಷ್ಟಕದ ಮೇಲಿಟ್ಟ ಬೆರಳು ತೆಗೆಯಲಿಲ್ಲ.
'ನಾನೂ ಅಡಿಟಿಪ್ಪಣಿಯಲ್ಲಿ ಲಜ್ಜೆ ಅಂತಲೇ ಬರೆದಿದ್ದೀನಿ.
ಅಚ್ಚಾಗಿಬಿಟ್ಟಿದೆ.'
ಸ್ವಲ್ಪ ಹೊತ್ತು ಇಬ್ಬರೂ ನನ್ನ ಅಂಟಿನ ಡಬ್ಬಿ ನೋಡಿದರು.

ದುಡ್ಡು ಕೊಟ್ಟರು, ಹೋದರು.
ಅವಳು ಮಾತ್ರ ತಿರುಗಿ ಬಂದು ಒಂದು ಖಾಲಿ ಹಾಳೆ ಕೇಳಿದಳು.
ತಿದ್ದುಪಡಿ ಎಂದು ಮೇಲೆ ಬರೆದು
ಕೆಳಗೇನು ಬರೆಯಬೇಕೋ ತೋಚದೆ
ಪೆನ್ನಿನ ತುದಿ ಕಚ್ಚುತ್ತ ಕೂತಳು.

ಅಷ್ಟರಲ್ಲಿ ಇನ್ನೊಬ್ಬ, ಬೆವರುತ್ತ, ಐದು ಪ್ರತಿ, ಸೋಮವಾರಕ್ಕೇ ಬೇಕಂತೆ.
ಏನಪ್ಪ ವಿಷಯ?
ಇರುವೆಯ ಮೂಗು.
ಇರುವೆಗೆ ಮೂಗೆಲ್ಲಿದೆಯೋ ಎಂದೆ.
'ಅದೇ ಸಾರ್' ಎಂದು ಕಟ್ಟು ಬಿಚ್ಚಿದ.