ಸುತ್ತಿದ್ದು, ದಾಟಿದ್ದು

ಅಕ್ಟೋಬರಿನಲ್ಲಿ ಹೋದಾಗ
ಎಸ್ಟಿಸ್ ಪಾರ್ಕಿನ ಪೇಟೆಬೀದಿಯಲ್ಲೇ ಎಲ್ಕ್‌ಗಳು,
ನಮ್ಮ ಕಡವೆಗೆ ದೊಡ್ಡಪ್ಪನ ಮಕ್ಕಳಾಗಬೇಕು,
ಅಂಚೆಕಚೇರಿಯ ಹುಲ್ಲಿಗೆ ಬಾಯಿ ಹಾಕಿ
ಯಾರಪ್ಪನ ಗಂಟು ಎಂಬಂತೆ ನಿಂತಿದ್ದವು.
ಕಿತ್ತಳೆ ಅಂಗಿಯ ಮುದುಕನೊಬ್ಬ, ಸ್ವಯಂಸೇವಕ,
ಕಾರುಗಳಿಗೆ ಕೈ ಅಡ್ಡ ಹಿಡಿದು
'ದಾರಿ ಅವುಗಳದು, ಕಾಯಿರಿ' ಅಂದ.
ಕಾದೆವು.
ಡೇಲ್ ಸ್ಟೀರಿಂಗಿನ ಮೇಲೆ ತಾಳ ಹಾಕುತ್ತ,
ನಾನು ಕಡಲೆಕಾಯಿ ಬಿಡಿಸುತ್ತ,
ಹಿಂದಿನ ಸೀಟಿನಲ್ಲಿ ಇಂಗ್ರಿಡ್ ಕಿವಿಗೆ ಬಿರಡೆ ಇಟ್ಟುಕೊಂಡು,
ತೊಡೆಯ ಮೇಲೆ
ಹೆತ್ತವಳು ಬಿಟ್ಟುಹೋದ ಹಸಿರು ಫ್ಲಾಸ್ಕು.

ಆಮೇಲೆ ದೊಡ್ಡ ಗಂಡೊಂದು ಕತ್ತೆತ್ತಿ ಕೂಗಿತು.
ಅಷ್ಟು ದೊಡ್ಡ ಮೈಯಿಂದ
ಎಣ್ಣೆ ಕಾಣದ ತೊಟ್ಟಿಲ ಸರಪಳಿಯ ದನಿ!
ನಗು ಬಂತು. ತಿರುಗಿದೆ, ಅವಳಿಗೂ ಬಂದಿರಬಹುದೆಂದು.
ಬಂದಿತ್ತೋ ಏನೋ,
ಕಿಟಕಿಯ ಕಡೆ ಮುಖ ಮಾಡಿದ್ದಳು.

ಮೇಲಿನ ರಸ್ತೆಗೆ ಹಿಂದಿನ ರಾತ್ರಿಯೇ ಹಿಮ ಬಿದ್ದು
ಗೇಟು ಹಾಕಿದ್ದರು. ಹಾಗಾಗಿ ಬೇರ್ ಲೇಕ್.
ದಡದಲ್ಲಿ ಆಸ್ಪೆನ್ ಮರ. ನಮ್ಮ ಅರಳಿಯ ಹಾಗೆ
ಗಾಳಿ ಇಲ್ಲದಾಗಲೂ ನಡುಗುವ ಎಲೆ,
ಆದರೆ ಅರಿಸಿನದಲ್ಲಿ ಅದ್ದಿದ್ದು.
ಬೇರು ಒಂದೇ ಅಂತೆ, ಗುಡ್ಡದ ತುಂಬ ಕಾಣುವುದೆಲ್ಲ
ಒಂದೇ ಮರವಂತೆ. ಡೇಲ್ ಹೇಳುತ್ತಿದ್ದ,
ಮೌನಕ್ಕೆ ಹೆದರಿದವರು ಹೇಳುವಷ್ಟು ವಿವರವಾಗಿ.
ಅವನು ಮುಂದೆ, ನಾನು ನಡುವೆ,
ಇಪ್ಪತ್ತು ಹೆಜ್ಜೆ ಹಿಂದೆ ಅವಳು.
ನಾನು ನಿಂತರೆ ನಿಲ್ಲುತ್ತಿದ್ದಳು,
ನಡೆದರೆ ನಡೆಯುತ್ತಿದ್ದಳು. ಅಳತೆ ತಪ್ಪಲಿಲ್ಲ.

ನಾನು ಆ ಮನೆಗೆ ಬಂದು ಒಂದೂವರೆ ವರ್ಷ.
ಇನ್ನೂ ಯಾವ ಹೆಸರಿನಿಂದಲೂ ಕರೆದಿರಲಿಲ್ಲ.
'ಉಪ್ಪು' ಎನ್ನುತ್ತಾಳೆ, ಉಪ್ಪು ಕೊಡುತ್ತೇನೆ.
ಕೆರೆಯನ್ನು ಒಂದು ಸುತ್ತು ಸುತ್ತಿ
ಹೊರಟ ಕಲ್ಲಿಗೇ ಬಂದು ಮುಟ್ಟಿದೆವು.
ಪ್ರದಕ್ಷಿಣೆ, ಅಂದುಕೊಂಡೆ. ಗರ್ಭಗುಡಿಗೆ ಬೀಗ.

ಜನವರಿಯಲ್ಲಿ ಮತ್ತೆ ಹೋಗೋಣ ಎಂದವಳು ಅವಳೇ,
ನನಗಲ್ಲ, ಅಪ್ಪನಿಗೆ.
ಅರ್ಧ ಅಂಗಡಿ ಮುಚ್ಚಿದ್ದವು. ಎಲ್ಕ್‌ಗಳು ತಗ್ಗಿಗೆ ಇಳಿದಿದ್ದವು,
ಕಿತ್ತಳೆ ಅಂಗಿಯೂ ಇಲ್ಲ.
ಕಾರಿನ ಬಾಗಿಲನ್ನೇ ಕಿತ್ತುಕೊಂಡು ಹೋಗುವ ಗಾಳಿ.
ಬಾಡಿಗೆಗೆ ತಂದ ಹಿಮಪಾದುಕೆ, ಮೊರದಷ್ಟು ಅಗಲ,
ಕಟ್ಟಿಕೊಂಡು ಬಾತುಕೋಳಿಯ ಹಾಗೆ ಹತ್ತು ಹೆಜ್ಜೆ ನಡೆದೆ.
ಡೇಲ್‌ಗೆ ಮೊಣಕಾಲು ನೋವು, ಕಾರಿನಲ್ಲೇ ಉಳಿದ.
(ನೋವು ನಿಜವೋ ಉಪಾಯವೋ, ಈಗಲೂ ಕೇಳಿಲ್ಲ.)

ಆಸ್ಪೆನ್‌ಗಳು ಬತ್ತಲೆ. ಬಿಳಿ ತೊಗಟೆಯ ಮೇಲೆ
ಎಲ್ಕ್ ಹಲ್ಲು ಬಿಟ್ಟ ಕಪ್ಪು ಕಲೆ.
ಕೆರೆ ಎಲ್ಲಿ? ಅಲ್ಲೊಂದು ಬಯಲಿತ್ತು,
ಹಾದಿಯ ಬೋರ್ಡು ಕುತ್ತಿಗೆವರೆಗೆ ಹೂತಿತ್ತು.
ಪಟ್ಟಿ ಬಿಗಿಯಲು ಬಗ್ಗಿದವಳು
ನೋಡದೆಯೇ ಫ್ಲಾಸ್ಕನ್ನು ನನ್ನ ಕೈಗೆ ಕೊಟ್ಟಳು.
ಹಗುರ.
ಅಲ್ಲಾಡಿಸಿ ನೋಡಲಿಲ್ಲ.
ಅದರಲ್ಲಿ ಏನೂ ಇರಲಿಲ್ಲ,
ಅಕ್ಟೋಬರಿನಲ್ಲೂ ಇದ್ದಿರಲಾರದು.
ಎರಡೂ ಕೈಯಲ್ಲಿ ಹಿಡಿದು ನಿಂತೆ,
ತುಳುಕೀತು ಎಂಬ ಹಾಗೆ.

ಅವಳು ಇಳಿದಳು. ಸುತ್ತು ಹಾದಿಯತ್ತ ತಿರುಗದೆ
ನೇರ ಕೆರೆಯ ನಡುವಿಗೆ. ಹತ್ತು ಹೆಜ್ಜೆ. ಇಪ್ಪತ್ತು.
ಎಲ್ಲೋ ಆಳದಲ್ಲಿ ಮಂಜುಗಡ್ಡೆ ಒಮ್ಮೆ ಗುದ್ದಿತು,
ಅಟ್ಟದ ಮೇಲೆ ಯಾರೋ ಒನಕೆ ಬೀಳಿಸಿದಂತೆ.
ನಾನು ಕಲ್ಲುಕಂಬ.
ಕೆರೆ ಎಂದರೆ ಮುಳುಗುವ ಜಾಗ,
ಮೂವತ್ತೆಂಟು ವರ್ಷ ಹಾಗೆಂದೇ ನಂಬಿದ ಕಾಲು ಇವು.
ಅವಳು ತಿರುಗಿ, ಎರಡು ಸಲ ಕುಟ್ಟಿ ತೋರಿಸಿದಳು.
'ಬಾ' ಅಂದಳು.

ನಾನು ದಿನಾ ಬೆಕ್ಕಿಗೆ ಹೇಳುವುದನ್ನು ಕೇಳಿ ಕಲಿತದ್ದು.
ಅವಳಿಗೆ ಗೊತ್ತಿರುವುದು ನಮ್ಮ ಮಾತಿನ ಆ ಒಂದೇ ಅಕ್ಷರ.
'ಬನ್ನಿ' ಎಂಬುದೊಂದು ಇದೆ, ಹೊರಗಿನವರಿಗೆ, ನೆಂಟರಿಗೆ,
ಅಳತೆ ಇಟ್ಟು ಮಾತಾಡಬೇಕಾದವರಿಗೆ,
ಎಂದು ಯಾರೂ ಅವಳಿಗೆ ಹೇಳಿಲ್ಲ.
ನಾನಂತೂ ಹೇಳುವುದಿಲ್ಲ.

ಫ್ಲಾಸ್ಕು ಕಂಕುಳಲ್ಲಿ ಇರುಕಿಕೊಂಡು
ಮೊರದಂಥ ಕಾಲು ಎತ್ತಿಟ್ಟೆ.